ಹಳೇ ಕಾರಿನ ಗೇರ್‌ಬಾಕ್ಸ್‌ಗೆ ಜಿಎಲ್-4 ಹಾಕೋದಾ, ಜಿಎಲ್-5 ಹಾಕೋದಾ?

ಪ್ರಶ್ನೆ: ನಂದು 2003ನೇ ಮಾಡೆಲ್ ಮಾರುತಿ 800. ಹಾಸನದಲ್ಲಿದ್ದೀನಿ, ಆಗಾಗ ಮೂಡಿಗೆರೆ ಕಡೆ ತೋಟಕ್ಕೆ ಹೋಗಿ ಬರ್ತೀನಿ. ಬೆಳಿಗ್ಗೆ ಹೊತ್ತು ಎರಡನೇ ಗೇರ್ ಸಲೀಸಾಗಿ ಬೀಳಲ್ಲ, ಒತ್ತಿ ಹಾಕಿದ್ರೆ ಕರ್ರ್ ಅನ್ನುತ್ತೆ, ಗಾಡಿ ಬಿಸಿ ಆದ್ಮೇಲೆ ಪರವಾಗಿಲ್ಲ. ಗೇರ್ ಆಯಿಲ್ ಚೇಂಜ್ ಮಾಡೋಣ ಅಂತ ಅಂಗಡಿಗೆ ಹೋದ್ರೆ ಜಿಎಲ್-4 ಹಳೇದು, ಜಿಎಲ್-5 ತಗೊಳ್ಳಿ ಇನ್ನೂ ಒಳ್ಳೇದು ಅಂತಿದಾರೆ. ತಗೊಳ್ಳೋದಾ ಸರ್?

ಉತ್ತರ: ಬೇಡ ಸರ್, ಜಿಎಲ್-4 ಅನ್ನೇ ತಗೊಳ್ಳಿ.

ಅಂಗಡಿಯವರು ಬೇಕಂತ ತಪ್ಪು ಹೇಳಿರಲ್ಲ, ಈ ಗೊಂದಲ ತುಂಬಾ ಜನಕ್ಕಿದೆ. ಎಂಜಿನ್ ಆಯಿಲ್‌ನಲ್ಲಿ ಎಸ್‌ಎಲ್, ಎಸ್‌ಎಂ, ಎಸ್‌ಎನ್ ಅಂತ ಅಕ್ಷರ ಮುಂದೆ ಹೋದಷ್ಟೂ ಹೊಸದು, ಹಳೇದರ ಜಾಗಕ್ಕೆ ಹೊಸದನ್ನ ಹಾಕ್ಬಹುದು, ಆ ಅಭ್ಯಾಸದಲ್ಲಿ ಗೇರ್ ಆಯಿಲ್‌ಗೂ 4ಕ್ಕಿಂತ 5 ಮೇಲು ಅಂದ್ಕೊಂಡ್ಬಿಡ್ತಾರೆ. ಆದ್ರೆ ಇಲ್ಲಿ ಆ ನಂಬರ್ ಹೇಳೋದು ಆಯಿಲ್ ಯಾವ ಥರದ ಗೇರ್‌ಗೆ, ಎಷ್ಟು ಒತ್ತಡ ತಡ್ಕೊಳ್ಳೋಕೆ ಮಾಡಿರೋದು ಅನ್ನೋದನ್ನ. ಜಿಎಲ್-5 ಹುಟ್ಟಿದ್ದೇ ಹೈಪಾಯ್ಡ್ ಗೇರ್‌ಗೆ, ಅಂದ್ರೆ ಜೀಪು, ಓಮ್ನಿ, ಲಾರಿಗಳ ಹಿಂದಿನ ಹೌಸಿಂಗ್ ಒಳಗೆ ಹಿಂದಿನ ಚಕ್ರಗಳ ಕಡೆ ಶಕ್ತಿ ತಿರುಗಿಸಿ ಕೊಡೋ ಕ್ರೌನ್-ಪಿನಿಯನ್ ಅನ್ನೋ ಗೇರ್ ಜೋಡಿಗೆ. ಅಲ್ಲಿ ಹಲ್ಲು ಹಲ್ಲಿನ ಮೇಲೆ ಬರೀ ಉರುಳಲ್ಲ, ಒತ್ತಿಕೊಂಡು ಜಾರುತ್ತೆ, ಸಾದಾ ಆಯಿಲ್ ಪದರ ಆ ಒತ್ತಡಕ್ಕೆ ಹರಿದು ಹೋಗುತ್ತೆ, ಅದಕ್ಕೇ ಗಂಧಕ ಮತ್ತು ರಂಜಕದ ಅಡಿಟಿವ್ ಸೇರಿಸಿರ್ತಾರೆ, ಡಬ್ಬದ ಮೇಲೆ ಇಪಿ (ಎಕ್ಸ್‌ಟ್ರೀಮ್ ಪ್ರೆಶರ್, ಅಂದ್ರೆ ಅತಿ ಒತ್ತಡ) ಅಂತ ಇರುತ್ತಲ್ಲ ಅದೇ ಇದು. ಜಿಎಲ್-4ನಲ್ಲೂ ಇದೇ ಅಡಿಟಿವ್ ಇದೆ, ಜಿಎಲ್-5ಗೆ ಹೋಲಿಸಿದ್ರೆ ಸುಮಾರು ಅರ್ಧದಷ್ಟು. ಬರೀ ಇಪಿ 90 ಅಂತ ಕೇಳಿ ತಗೊಂಡ್ರೆ ಅದು ಎರಡರಲ್ಲಿ ಯಾವುದು ಬೇಕಾದ್ರೂ ಆಗಿರಬಹುದು, ಡಬ್ಬ ತಿರುಗಿಸಿ ಎಪಿಐ (ಈ ಜಿಎಲ್ ದರ್ಜೆ ಗೊತ್ತು ಮಾಡೋ ಅಮೆರಿಕದ ಸಂಸ್ಥೆ) ಅಂತ ಬರೆದಿರೋ ಸಾಲು ಓದಿ.

ಈಗ ನಿಮ್ಮ ಎರಡನೇ ಗೇರ್ ವಿಷಯ. ಗೇರ್ ಬೀಳೋ ಮುಂಚೆ ಒಳಗೆ ಸಿಂಕ್ರೊ ರಿಂಗ್ ಅಂತ ಒಂದಿರುತ್ತೆ, ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಹಿತ್ತಾಳೇದು, ಅದು ಹೋಗಿ ಗೇರ್‌ನ ಕೋನ್‌ಗೆ ಉಜ್ಜಿ ಎರಡರ ಸ್ಪೀಡೂ ಸಮ ಮಾಡಬೇಕು, ಸಮ ಆದ್ಮೇಲೇ ಹಲ್ಲು ಸದ್ದಿಲ್ದೆ ಕೂರೋದು. ಅಂದ್ರೆ ಗೇರ್‌ಬಾಕ್ಸ್ ಒಳಗೆ ಹಲ್ಲಿಗೆ ಜಾರಿಕೆ ಬೇಕು, ರಿಂಗಿಗೆ ಹಿಡಿತ ಬೇಕು, ಎರಡನ್ನೂ ಒಂದೇ ಆಯಿಲ್ ಕೊಡಬೇಕು. ಜಿಎಲ್-5 ಹಾಕಿದ್ರೆ ರಿಂಗು ಜಾರೋಕೆ ಶುರುವಾಗುತ್ತೆ, ಸ್ಪೀಡ್ ಸಮ ಆಗೋದು ತಡ ಆಗುತ್ತೆ, ನೀವು ಅಷ್ಟರಲ್ಲಿ ಗೇರ್ ನೂಕಿರ್ತೀರಿ, ಕರ್ರ್ ಅನ್ನುತ್ತೆ. ಇನ್ನೊಂದು ತೊಂದರೆ ನಿಧಾನಕ್ಕೆ ಆಗೋದು, ಬಿಸಿಗೆ ಗಂಧಕ ಹಿತ್ತಾಳೆ ಜೊತೆ ರಿಯಾಕ್ಟ್ ಆಗಿ ಮೇಲ್ಮೈಯನ್ನ ಚೂರುಚೂರೇ ತಿಂದು ಹಾಕುತ್ತೆ. ಈಗಿನ ಕೆಲವು ಜಿಎಲ್-5 ಆಯಿಲ್‌ಗಳಲ್ಲಿ ಗಂಧಕವನ್ನ ಸ್ವಲ್ಪ ಮೆತ್ತಗೆ ಮಾಡಿರ್ತಾರೆ, ಹಿತ್ತಾಳೆಗೆ ಅಷ್ಟು ಹೊಡೆತ ಬೀಳಲ್ಲ, ನಿಜ, ಆದ್ರೂ ಜಾರಿಕೆ ಸಮಸ್ಯೆ ಹಾಗೇ ಉಳಿಯುತ್ತೆ. ಇಪ್ಪತ್ತು ವರ್ಷ ಓಡಿ ಅರ್ಧ ಸವೆದಿರೋ ರಿಂಗಿನ ಮೇಲೆ ಈ ಪ್ರಯೋಗ ಯಾಕೆ.

"ನಮ್ಮ ಕಾರಿನಲ್ಲೂ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಜೋಡಣೆ) ಇದೆಯಲ್ಲ, ಅದಕ್ಕೆ ಜಿಎಲ್-5 ಬೇಡ್ವಾ" ಅಂತ ಕೇಳ್ತೀರೇನೋ. ಮಾರುತಿ 800ನಲ್ಲಿ ಎಂಜಿನ್ ಅಡ್ಡ ಕೂತಿದೆ, ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಜೊತೇಲೇ ಒಂದೇ ಕೇಸ್ ಒಳಗಿದೆ, ಅಲ್ಲಿರೋದು ಹೆಲಿಕಲ್ (ಓರೆ ಹಲ್ಲಿನ) ಗೇರು, ಹೈಪಾಯ್ಡ್ ಅಲ್ಲ, ಹಾಗಾಗಿ ಜಿಎಲ್-4 ಧಾರಾಳ ಸಾಕು. ಓಮ್ನಿ ಇಟ್ಕೊಂಡಿರೋರು, ಜಿಪ್ಸಿ ಅಥವಾ ಹಳೇ ಮಹೀಂದ್ರಾ ಜೀಪ್ ಇಟ್ಕೊಂಡಿರೋರು (ಸಕಲೇಶಪುರ, ಕೊಪ್ಪ ಕಡೆ ತೋಟಗಳಲ್ಲಿ ಇವತ್ತಿಗೂ ಅವೇ ದುಡಿಯೋದು) ಎರಡು ಬೇರೆ ಬೇರೆ ಆಯಿಲ್ ತರಬೇಕಾಗುತ್ತೆ, ಗೇರ್‌ಬಾಕ್ಸ್‌ಗೆ ಒಂದು, ಹೌಸಿಂಗ್‌ಗೆ ಜಿಎಲ್-5 ಇನ್ನೊಂದು, ಒಂದೇ ಕ್ಯಾನ್ ತಂದು ಎರಡಕ್ಕೂ ಸುರಿಯೋದು ಬೇಡ. ಇನ್ನು ಹೋಂಡಾದವರು ಎಂಟಿಎಫ್ (ಮ್ಯಾನುಯಲ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಅಂತ ಅವರದೇ ಬೇರೆ ಆಯಿಲ್ ಹೇಳ್ತಾರೆ, ಕೆಲವು ಕಂಪನಿಗಳ ಗೇರ್‌ಬಾಕ್ಸ್ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಅಂತ ಮಾಡಿರೋ ತೆಳು ಆಯಿಲ್) ಮೇಲೆ ಓಡುತ್ತೆ, ಅಂಥ ಗಾಡಿಗೆ 90 ನಂಬರ್ ಆಯಿಲ್ ಹಾಕಿದ್ರೆ ಗೇರ್ ಬಿಗಿಯಾಗುತ್ತೆ. ಹಾಗಾಗಿ ಗಾಡಿ ಜೊತೆ ಬಂದ ಪುಸ್ತಕ ಹೇಳಿದ್ದೇ ಕೊನೇ ಮಾತು, ನಾನು ಹೇಳಿದ್ದಕ್ಕಿಂತ ಅದು ಮೇಲು.

ಆಮೇಲೆ ದಪ್ಪ. 75ಡಬ್ಲ್ಯೂ-90, 80ಡಬ್ಲ್ಯೂ-90 ಅಂತ ಎರಡು ಸಿಗುತ್ತೆ. 90 ಅನ್ನೋದು ಬಿಸಿ ಆದಾಗಿನ ದಪ್ಪ, ಎರಡೂ ಒಂದೇ ದರ್ಜೆ. ಆ 90 ನೋಡಿ ಎಂಜಿನ್ ಆಯಿಲ್‌ಗಿಂತ ಎರಡರಷ್ಟು ದಪ್ಪ ಅಂದ್ಕೊಳ್ಳೋದೂ ತಪ್ಪು, ಎರಡರ ಅಳತೆಪಟ್ಟಿ ಬೇರೆ, 90ರ ಗೇರ್ ಆಯಿಲ್ 100 ಡಿಗ್ರಿಯಲ್ಲಿ ಹೆಚ್ಚುಕಡಿಮೆ 40-50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ. ಡಬ್ಲ್ಯೂ ಮುಂದಿರೋ ನಂಬರ್ ಚಳೀದು, 75ನ್ನ ಮೈನಸ್ 40 ಡಿಗ್ರಿಯಲ್ಲಿ, 80ನ್ನ ಮೈನಸ್ 26ರಲ್ಲಿ ಪರೀಕ್ಷೆ ಮಾಡಿರ್ತಾರೆ, ಮುಳ್ಳಯ್ಯನಗಿರಿ ತುದಿಯಲ್ಲೂ ಅಂಥ ಚಳಿ ಇಲ್ಲ. ಆದ್ರೆ 75ಡಬ್ಲ್ಯೂ-90 ಸಾಮಾನ್ಯವಾಗಿ ಸಿಂಥೆಟಿಕ್ ಇರುತ್ತೆ, ಡಿಸೆಂಬರ್ ಬೆಳಿಗ್ಗೆ ಹಾಸನದ ಚಳೀಲೂ 80ಡಬ್ಲ್ಯೂಗಿಂತ ಸ್ವಲ್ಪ ತೆಳುವಾಗೇ ಇರುತ್ತೆ, ನಿಮ್ಮ ತೊಂದ್ರೆ ತಣ್ಣಗಿರುವಾಗ ಮಾತ್ರ ಆಗೋದ್ರಿಂದ ಪುಸ್ತಕ ಒಪ್ಪಿದ್ರೆ ಜಿಎಲ್-4 ಇರೋ 75ಡಬ್ಲ್ಯೂ-90ಗೆ ಕಾಸು ಹಾಕೋದು ದಂಡ ಅಲ್ಲ. ಸದ್ದು ಮುಚ್ಚೋಕೆ 140 ನಂಬರ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ, ಸದ್ದು ಕಮ್ಮಿ ಆಗುತ್ತೆ, ಸವೆತ ನಿಲ್ಲಲ್ಲ, ಬೆಳಿಗ್ಗೆ ಗೇರ್ ಇನ್ನೂ ಗಟ್ಟಿ ಆಗುತ್ತೆ.

ದುಡ್ಡು ಖರ್ಚು ಮಾಡೋ ಮುಂಚೆ ಒಂದು ಚೆಕ್ ಮಾಡಿ. ಎಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಹಾಕಿ ನೋಡಿ, ಆಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದ್ಮೇಲೆ ನಿಂತಲ್ಲೇ ಎಲ್ಲಾ ಗೇರೂ ಕಷ್ಟ ಆದ್ರೆ, ರಿವರ್ಸ್ ಕೂಡ ಕಿರುಚಿದ್ರೆ, ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತ ಅನುಮಾನ, ಕೇಬಲ್ ಅಡ್ಜಸ್ಟ್ ಮಾಡಿಸಿದ್ರೇ ಸರಿ ಹೋಗಬಹುದು. ಎರಡನೇದೊಂದೇ ಕಾಟ ಕೊಡ್ತಿದ್ರೆ ಆಯಿಲ್ ಅಥವಾ ರಿಂಗು.

ಆಯಿಲ್ ತೆಗೆಯೋದು ಗಾಡಿ ಸ್ವಲ್ಪ ಓಡಿಸಿ ಬಿಸಿ ಆದ್ಮೇಲೆ, ಸಮತಟ್ಟಾದ ಜಾಗದಲ್ಲಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಅದು ಬರುತ್ತೆ ಅಂತ ಖಾತ್ರಿ ಆದ್ಮೇಲೇ ಕೆಳಗಿನದು, ಇಲ್ಲಾಂದ್ರೆ ಆಯಿಲ್ ಖಾಲಿ ಮಾಡಿ ತುಂಬೋಕೆ ದಾರಿ ಇಲ್ಲದೆ ಕೂರಬೇಕಾಗುತ್ತೆ, ಹಳೇ ಗಾಡಿಗಳಲ್ಲಿ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿರೋದು ಮಾಮೂಲು. ಹಳೇ ಆಯಿಲ್ ಚೆಲ್ಲೋ ಮುಂಚೆ ನೋಡಿ. ಡ್ರೈನ್ ಪ್ಲಗ್ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ರೆ ಮಾಮೂಲಿ ಸವೆತ, ಚೂರುಗಳಿದ್ರೆ ಹಲ್ಲೋ ಬೇರಿಂಗೋ ಹೋಗ್ತಿದೆ, ಆಯಿಲ್‌ನಲ್ಲಿ ಹಳದಿ ಮಿಂಚು ಜಾಸ್ತಿ ಕಂಡ್ರೆ ಅದು ರಿಂಗಿನ ಹಿತ್ತಾಳೆ. ಹಾಲು ಬೆರೆಸಿದ ಕಾಫಿ ಥರ ಇದ್ರೆ ನೀರು ಹೋಗಿದೆ, ಮಳೆಗಾಲದಲ್ಲಿ ಹಳ್ಳ ದಾಟಿಸಿದ ಗಾಡಿಗಳಲ್ಲಿ ಬ್ರೀದರ್ (ಗೇರ್‌ಬಾಕ್ಸ್‌ನ ಗಾಳಿ ಆಡೋ ತೂತು) ಮೂಲಕ ಹೀಗಾಗುತ್ತೆ, ಆಗ ಕಿಲೋಮೀಟರ್ ಲೆಕ್ಕ ನೋಡ್ದೆ ಬದಲಾಯಿಸಿ. ಹೊಸದನ್ನ ಫಿಲ್ಲರ್ ತೂತಿನ ಕೆಳಗಿನ ಅಂಚಿಂದ ಹೊರಗೆ ಜಿನುಗೋವರೆಗೂ ತುಂಬಿ, ಅಷ್ಟೇ ಲೆವೆಲ್, ನಿಂತ ಮೇಲೆ ಪ್ಲಗ್ ಹಾಕಿ. ಶಿರಾಡಿ, ಚಾರ್ಮಾಡಿ ಘಾಟಿ ಪದೇ ಪದೇ ಹತ್ತಿ ಇಳಿಯೋರು ಪುಸ್ತಕದಲ್ಲಿರೋ ಅವಧಿಗಿಂತ ಸ್ವಲ್ಪ ಮುಂಚೇನೇ ಬದಲಾಯಿಸಿದ್ರೆ ಒಳ್ಳೇದು.

ಹೊಸ ಆಯಿಲ್ ಹಾಕಿದ ತಕ್ಷಣ ತೀರ್ಮಾನ ಮಾಡ್ಬೇಡಿ, ಒಂದೆರಡು ವಾರ ಓಡಿಸಿ, ಬೆಳಿಗ್ಗೆ ಮೊದಲ ಕಿಲೋಮೀಟರ್ ಎರಡನೇ ಗೇರನ್ನ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿಸಿ ಹಾಕಿ. ಆಮೇಲೂ, ಗಾಡಿ ಬಿಸಿ ಇದ್ದಾಗಲೂ ಕರ್ರ್ ಅಂದ್ರೆ ರಿಂಗ್ ಸವೆದಿದೆ, ಆಗ ಇನ್ನೊಂದು ಆಯಿಲ್ ಹುಡುಕೋ ಬದಲು ಗೇರ್‌ಬಾಕ್ಸ್ ಇಳಿಸಿ ಸಿಂಕ್ರೊ ರಿಂಗ್ ಹಾಕಿಸಿ, ಹೇಗೂ ಇಳಿಸಿದ್ದೀವಿ ಅಂತ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಎರಡೂ ಅವತ್ತೇ ನೋಡಿಸಿಬಿಡಿ.