ಮೋಟಾರು ಬದಲಿಸುವ ಮುನ್ನ ಚಕ್ರ ತಿರುಗಿಸಿ ನೋಡಿ

ಹಳೆಯ ಹೊಲಿಗೆ ಯಂತ್ರವನ್ನು ರಿಪೇರಿಗೆ ತರುವವರಲ್ಲಿ ಹೆಚ್ಚಿನವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ರೋಗವನ್ನೂ ಮದ್ದನ್ನೂ ತಾವೇ ನಿರ್ಧರಿಸಿಕೊಂಡಿರುತ್ತಾರೆ: ಮೋಟಾರು ಕೆಟ್ಟಿದೆ, ಇನ್ನೂ ಹೆಚ್ಚು ವಾಟಿನದೊಂದನ್ನು ಕೂರಿಸಿಕೊಡಿ. ಮೋಟಾರು ಕೆಟ್ಟಿರುವುದು ನಿಜವೇ ಇರಬಹುದು. ಅದು ಯಾಕೆ ಕೆಟ್ಟಿತು ಎಂದು ವಿಚಾರಿಸುವವರು ಮಾತ್ರ ಅಪರೂಪ.

ರವಿಕೆ ಹೊಲಿದು ಸಂಸಾರ ತೂಗಿಸುವ ಹೆಣ್ಣುಮಗಳೊಬ್ಬರು ತಾಯಿಯ ಕಾಲದ ಉಷಾ ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದರು. ವರ್ಷದೊಳಗೆ ಎರಡನೆಯ ಮೋಟಾರು ಕರಕಲಾಗಿತ್ತು. ಬೆಲ್ಟ್ ಕಳಚಿ ನೋಡಿದರೆ, ಎರಡು ಬೆರಳಿಗೆ ಸಲೀಸಾಗಿ ಸುತ್ತಬೇಕಾದ ಕೈಚಕ್ರಕ್ಕೆ ಇಡೀ ತೋಳಿನ ಬಲ ಬೇಕಾಯಿತು. "ವಾರಕ್ಕೊಂದು ಸಲ ಎಣ್ಣೆ ಬಿಡ್ತಾನೇ ಇದೀನಲ್ಲ ಅಣ್ಣಾ" ಎಂದರು. ಯಾವ ಎಣ್ಣೆಯಮ್ಮ ಎಂದು ಕೇಳಿದೆ. "ತಲೆಗೆ ಹಾಕೋದೇ." ತೆಂಗಿನೆಣ್ಣೆ ಲೋಹದ ಸಂದಿನಲ್ಲಿ ಬಹುಕಾಲ ನಿಂತರೆ ಗಾಳಿ ಮತ್ತು ಧೂಳಿಗೆ ಕೆಟ್ಟು ಹಳದಿ ಅಂಟಾಗುತ್ತದೆ. ಅವರ ಯಂತ್ರದ ತಳಭಾಗವನ್ನು ತಿರುವಿದಾಗ ಆ ಅಂಟಿನಲ್ಲಿ ಬಟ್ಟೆಯ ನವಿರು ಸೇರಿ ಕಂದು ಪದರವಾಗಿತ್ತು. ಕೆಳದಾರವನ್ನು ಮೇಲ್ದಾರಕ್ಕೆ ಹೆಣೆಯುವ ಶಟಲಿನ ಹಿಂದೆ ಕೆಂಪು ದಾರ ಬಳೆಯಂತೆ ಸುತ್ತಿಕೊಂಡಿತ್ತು. ಎರಡೂ ಮೋಟಾರುಗಳನ್ನು ಸುಟ್ಟದ್ದು ಈ ಬಿಗಿತವೇ ಎಂದು ನನ್ನ ಅಂದಾಜು.

ಇದನ್ನು ಎಷ್ಟು ಸಲ ಹೇಳಿದರೂ ಜನರಿಗೆ ನಂಬಿಕೆ ಬರುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಯಂತ್ರದ ಬೆನ್ನಿಗೆ ಕೂರಿಸುವ ಪುಟ್ಟ ಮೋಟಾರಿನಲ್ಲಿ ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ) ವೇಗವಾಗಿ ತಿರುಗುತ್ತಿರುವಾಗ ಅದೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ, ಒಳಗೆ ನುಗ್ಗುವ ಕರೆಂಟಿಗೆ ಕಡಿವಾಣ ಹಾಕುವುದು ಮುಖ್ಯವಾಗಿ ಅದೇ. ಯಂತ್ರ ಬಿಗಿಯಾಗಿದ್ದು ಮೋಟಾರು ನಿಧಾನವಾದರೆ ಆ ಕಡಿವಾಣ ಸಡಿಲಾಗುತ್ತದೆ. ಪೆಡಲ್ ಒತ್ತಿದರೂ ಚಕ್ರ ಅಲ್ಲಾಡದೆ 'ಗುಂಯ್' ಎನ್ನುತ್ತಿದ್ದರೆ ಕಡಿವಾಣವೇ ಇರುವುದಿಲ್ಲ. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ತಂತಿಯ ಮೇಲಿನ ಎನಾಮೆಲ್ ಲೇಪ ಕರಗಿ, ಸುತ್ತುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುವುದು ಹೀಗೆ. ಹೆಚ್ಚು ವಾಟಿನ ಮೋಟಾರು ಹಾಕಿದರೆ ಅಂಟು ಮಾಯವಾಗುವುದಿಲ್ಲ. ಆ ಮೋಟಾರು ಬಿಗಿತವನ್ನು ಬಲವಂತದಿಂದ ಎಳೆಯುತ್ತದೆ, ಬೆಲ್ಟ್ ಹರಿಯುತ್ತದೆ, ಸೂಜಿ ದಂಡ ಮತ್ತು ಶಟಲ್ ಸವೆಯುತ್ತವೆ.

ಆದ್ದರಿಂದ ಮೊದಲು ಪ್ಲಗ್ ತೆಗೆದು, ಬೆಲ್ಟ್ ಕಳಚಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಆಮೇಲೆ ಬೆಲ್ಟ್ ಇಲ್ಲದ ಮೋಟಾರನ್ನು ಮಾತ್ರ, ಪೆಡಲನ್ನು ಹಗುರವಾಗಿ ಒತ್ತಿ, ಒಂದೆರಡು ಕ್ಷಣ ಓಡಿಸಿ. ಹೊರೆಯಿಲ್ಲದೆ ಇವು ಮಿತಿಮೀರಿದ ವೇಗಕ್ಕೆ ಹೋಗುವುದರಿಂದ ಹೆಚ್ಚು ಹೊತ್ತು ಬೇಡ. ಮೋಟಾರು ನುಣ್ಣಗೆ ಓಡಿ ಚಕ್ರ ಬಿಗಿಯಾಗಿದ್ದರೆ ದೋಷ ಯಂತ್ರದ್ದು. ಚಕ್ರ ಸಲೀಸಾಗಿದ್ದು ಮೋಟಾರು ತಡವರಿಸಿದರೆ ಮಾತ್ರ ಮೋಟಾರನ್ನು ಬಿಚ್ಚುವ ಪ್ರಶ್ನೆ. ಬೆಲ್ಟನ್ನು ತಂಬೂರಿ ತಂತಿಯಂತೆ ಬಿಗಿದಿದ್ದರೆ ಅದನ್ನೂ ಸಡಿಲಿಸಬೇಕು, ಮೋಟಾರಿನ ಬುಷ್ (ದಂಡ ಕೂತು ತಿರುಗುವ ಲೋಹದ ಬಳೆ) ಒಂದೇ ಕಡೆಗೆ ಸವೆಯುವುದು ಅದರಿಂದಲೇ.

ಅಂಟನ್ನು ಬಿಡಿಸಲು ಮೋಟಾರನ್ನು ಬಿಚ್ಚಿ ಬದಿಗಿಟ್ಟು, ಎಣ್ಣೆ ತೂತುಗಳಿಗೆ ಹನಿಹನಿಯಾಗಿ ಸೀಮೆಎಣ್ಣೆ ಬಿಟ್ಟು, ಚಕ್ರವನ್ನು ಹಿಂದೆ ಮುಂದೆ ಆಡಿಸಿ, ಒಂದು ರಾತ್ರಿ ನೆನೆಯಲು ಬಿಟ್ಟು ಒರೆಸಿ, ನಂತರ ಮೆಷಿನ್ ಎಣ್ಣೆ ಹಾಕಿದರೆ ಸಾಮಾನ್ಯವಾಗಿ ಸಾಕು. ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದ ಸಿಂಗರ್ 15ಕೆ, 66ಕೆ ಯಂತ್ರಗಳು ನಿಮ್ಮಲ್ಲಿದ್ದರೆ, ಆ ಕಾರ್ಖಾನೆ 1980ರಲ್ಲೇ ಮುಚ್ಚಿದೆ ಎಂಬುದನ್ನು ನೆನಪಿಟ್ಟು, ಕಪ್ಪು ಮೈಯ ಮೇಲಿನ ಹೊಂಬಣ್ಣದ ಚಿತ್ತಾರಕ್ಕೆ ಸ್ಪಿರಿಟ್ ಆಗಲಿ ಥಿನ್ನರ್ ಆಗಲಿ ಸೋಕಿಸಬೇಡಿ. ಮೇಲಿನ ಅರಗಿನ ಪದರ ಕರಗಿ ಚಿನ್ನವೆಲ್ಲ ಬಟ್ಟೆಗೆ ಬರುತ್ತದೆ.

ಮೋಟಾರೇ ಸವೆದಿದ್ದರೆ ಮೊದಲು ನೋಡಬೇಕಾದದ್ದು ಕಾರ್ಬನ್, ಅಂದರೆ ತಿರುಗುವ ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಜೋಡಿ ಕಾರ್ಬನ್ ತುಂಡುಗಳು. ಮೂಲ ಉದ್ದದ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಜೋಡಿಯನ್ನೇ ಬದಲಿಸಿ. ಇನ್ನೂ ಬಾಳುವಂತಿದ್ದರೆ ತೆಗೆದ ಬದಿಗೇ, ತೆಗೆದ ಮಗ್ಗುಲಿಗೇ ಮರಳಿ ಹಾಕಿ. ಸಣ್ಣ ನೀಲಿ ಕಿಡಿ ಸಹಜ. ಆ ಕಾರ್ಬನ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರಿನ ಸುತ್ತಲೂ ಕಿಡಿಯ ಉಂಗುರ ಕಂಡರೆ ಆರ್ಮೇಚರಿನ ಕಾಯಿಲ್ ಕಡಿದಿರುವ ಅಥವಾ ಶಾರ್ಟ್ ಆಗಿರುವ ಸಂಭವ ಹೆಚ್ಚು, ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ. ಯಂತ್ರಕ್ಕೆ ಎಣ್ಣೆ ಹಾಕುವ ಉತ್ಸಾಹದಲ್ಲಿ ಮೋಟಾರಿನೊಳಕ್ಕೂ ಸುರಿಯುವವರಿದ್ದಾರೆ: ಎಣ್ಣೆಯೂ ಕಾರ್ಬನ್ ಪುಡಿಯೂ ಕಲೆತರೆ ಕರೆಂಟು ಹರಿಯಬಲ್ಲ ಕೆಸರಾಗುತ್ತದೆ. ಸಿಂಗರಿನ ಹಳೆಯ ಮೋಟಾರುಗಳ ಗ್ರೀಸ್ ಕೊಳವೆಗಳಿಗಂತೂ ಗ್ರೀಸ್ ಬಿಟ್ಟು ಬೇರೇನೂ ಹೋಗಬಾರದು.

ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಯಂತ್ರಗಳದ್ದು ಬೇರೆಯೇ ಕಥೆ. ಅವು 110-120 ವೋಲ್ಟಿನವು. ನಮ್ಮ 230ಕ್ಕೆ ನೇರವಾಗಿ ಸಿಕ್ಕಿಸಿದರೆ ಮೋಟಾರಿನ ಆಯುಸ್ಸು ಬಹಳ ಬೇಗ ಮುಗಿಯುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಿ, ಇಲ್ಲವೇ ಮೋಟಾರನ್ನೂ ಪೆಡಲನ್ನೂ ಬೆಳಕಿನ ಬಲ್ಬನ್ನೂ ಒಟ್ಟಿಗೇ ಬದಲಿಸಿ.

ಈಗ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಮೋಟಾರು ಸುಟ್ಟರೆ ವೈಂಡಿಂಗ್ (ಒಳಗಿನ ತಂತಿಯ ಸುತ್ತು) ಹೊಸದಾಗಿ ಕಟ್ಟಿಸುವುದು ಬಹುಮಟ್ಟಿಗೆ ದಂಡ. ಹೊಸದನ್ನು ತಾಮ್ರದ ತಂತಿಯದೇ ಎಂದು ಕೇಳಿ ಖಾತ್ರಿಪಡಿಸಿಕೊಂಡು ಕೊಳ್ಳಿ. ಯಂತ್ರದ ಜೊತೆಗೇ ಬಂದ ಮೂಲ ಮೋಟಾರಾದರೆ ಕಟ್ಟಿಸಲು ಯೋಗ್ಯ. ಆದರೆ ಸುಟ್ಟ ಕಾಯಿಲನ್ನು ಮನೆಯಲ್ಲೇ ಕಿತ್ತು, 'ಕ್ಲೀನ್ ಮಾಡಿ ತಂದಿದ್ದೇನೆ' ಎಂದು ಬರಿಯ ಚೌಕಟ್ಟನ್ನು ತರಬೇಡಿ. ಎಷ್ಟು ಸುತ್ತು, ಎಷ್ಟು ಗೇಜಿನ ತಂತಿ ಎಂಬುದನ್ನು ವೈಂಡಿಂಗ್ ಮಾಡುವವರು ಎಣಿಸಿ ತಿಳಿಯುವುದು ಆ ಸುಟ್ಟ ಕಾಯಿಲಿನಿಂದಲೇ.