ಥೆರಪಿಸ್ಟ್‌ಗೂ ನೀವು ಪ್ರಶ್ನೆ ಕೇಳಬಹುದು

"ಅವರು ಒಂದು ದಿನವೂ ನನ್ನ ಮೇಲೆ ಕೈ ಮಾಡಿಲ್ಲ ಮೇಡಂ." ಭಾವನಾತ್ಮಕ ದೌರ್ಜನ್ಯದಿಂದ ನಲುಗಿ ಬರುವ ಎಷ್ಟೋ ಹೆಂಗಸರು ಮಾತು ಶುರು ಮಾಡುವುದು ಇಲ್ಲಿಂದಲೇ. ನಾನಿನ್ನೂ ಏನೂ ಕೇಳಿರುವುದಿಲ್ಲ, ಅಷ್ಟರಲ್ಲಿ ಗಂಡನ ಪರ ವಕಾಲತ್ತು ಮುಗಿದಿರುತ್ತದೆ. ಉಳಿದದ್ದು ನಿಧಾನಕ್ಕೆ ಒಂದೊಂದೇ ಹೊರಬರುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ವಾರಗಟ್ಟಲೆ ಮಾತು ಬಿಟ್ಟಿದ್ದು, ನೆಂಟರ ಮುಂದೆ 'ಇವಳಿಗೆ ತಲೆ ಎಲ್ಲಿದೆ' ಎಂದು ನಕ್ಕಿದ್ದು, ದುಡಿದ ಸಂಬಳದ ಎಟಿಎಂ ಕಾರ್ಡ್ ಅವರ ಜೇಬಿನಲ್ಲೇ ಇರುವುದು, ತವರಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಬೇಕಾದ್ದು.

ಕೈ ಮಾಡದಿದ್ದರೂ ಇದು ದೌರ್ಜನ್ಯವೇ ಎಂಬುದರಲ್ಲಿ ಕಾನೂನಿಗೆ ಅನುಮಾನವಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಅವಮಾನ, ಹೀಯಾಳಿಕೆ, ಮಗುವಾಗಿಲ್ಲ ಅಥವಾ ಗಂಡುಮಗುವಾಗಿಲ್ಲ ಎಂದು ಚುಚ್ಚುವುದು ಎಲ್ಲವೂ ಸೇರಿವೆ. ಹಣಕಾಸಿನ ಕಟ್ಟುಪಾಡಿಗೆ ಬೇರೆಯದೇ ವಿವರಣೆ ಇದೆ. ಅನುಮಾನ ಇರುವುದು ಅನುಭವಿಸಿದವರಿಗೆ. 'ನಿನಗೇನು ಗೊತ್ತು', 'ಎಲ್ಲಾ ನಿನ್ನ ಕಲ್ಪನೆ' ಎಂದು ವರ್ಷಾನುಗಟ್ಟಲೆ ಕೇಳಿಸಿಕೊಂಡವರಿಗೆ ತಮ್ಮ ಅಂದಾಜಿನ ಮೇಲೇ ನಂಬಿಕೆ ಹೋಗಿರುತ್ತದೆ. ಇದು ಗಂಡ ಹೆಂಡತಿಯ ನಡುವೆ ಮಾತ್ರ ಆಗುವಂಥದ್ದಲ್ಲ. ಅಪ್ಪ ಅಮ್ಮನ ಹಂಗಿಸುವಿಕೆಯಲ್ಲೇ ಬೆಳೆದು ನಲವತ್ತು ದಾಟಿದ ಗಂಡಸರೂ ಬರುತ್ತಾರೆ, ಅವರು ಬಾಯಿ ಬಿಡಲು ಇನ್ನೂ ಹೆಚ್ಚು ಹೊತ್ತು ಬೇಕು.

ಥೆರಪಿಸ್ಟ್ ಹುಡುಕುವಾಗ ತೊಡಕಾಗುವುದೂ ತಮ್ಮ ಅಂದಾಜನ್ನು ತಾವೇ ನಂಬದ ಈ ಸ್ಥಿತಿಯೇ. ಬಾಡಿಗೆ ಮನೆ ನೋಡಲು ಹೋದರೆ ನೀರು ಬರುತ್ತಾ, ಓನರ್ ಹೇಗೆ ಎಂದು ಹತ್ತು ಪ್ರಶ್ನೆ ಕೇಳುತ್ತೇವೆ. ಥೆರಪಿಸ್ಟ್ ಮುಂದೆ ಮಾತ್ರ ಕೈಕಟ್ಟಿ ಕೂರುತ್ತೇವೆ. ದೌರ್ಜನ್ಯ ಕಂಡವರಂತೂ ಎದುರಿನವರು ಗದರಿದರೂ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ನನ್ನಲ್ಲಿಗೆ ಬಂದ ಒಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಬ್ಯಾಂಕಿನಲ್ಲಿ ದೊಡ್ಡ ಸಾಲದ ಫೈಲುಗಳಿಗೆ ಸಹಿ ಹಾಕುವವರು. ನನ್ನ ಕೋಣೆಗೆ ಬಂದು, ಎರಡು ಕುರ್ಚಿಗಳ ನಡುವೆ ನಿಂತು, "ಎಲ್ಲಿ ಕೂತ್ಕೊಳ್ಲಿ? ಇಲ್ಲಿ ಪರವಾಗಿಲ್ವಾ? ನಿಮಗೆ ತೊಂದರೆ ಇಲ್ಲ ತಾನೆ?" ಎಂದು ಕೇಳುತ್ತಲೇ ಇದ್ದರು. ಮುಂಚೆ ಹೋಗಿದ್ದ ಕಡೆ ಕೌನ್ಸೆಲರ್, ಇವರನ್ನು ಒಂದು ಮಾತೂ ಕೇಳದೆ ಗಂಡನಿಗೆ ಫೋನ್ ಮಾಡಿ, 'ನಿಮ್ಮ ಕಡೆಯದ್ದೂ ಕೇಳೋಣ, ಬನ್ನಿ' ಅಂದಿದ್ದರಂತೆ. ಆ ರಾತ್ರಿ ಮನೆಯಲ್ಲಿ ಏನಾಯಿತು ಅನ್ನುವುದನ್ನು ಹೇಳಲು ಅವರಿಗೆ ಎಷ್ಟೋ ಭೇಟಿಗಳು ಬೇಕಾದವು.

ಹಾಗಾಗಿ ನನ್ನ ಮೊದಲ ಮಾತು: ಒಬ್ಬರೇ ಹೋಗಿ. 'ಇಬ್ಬರನ್ನೂ ಕೂರಿಸಿ ಮಾತಾಡಿಸೋಣ' ಅನ್ನುವುದು ನಮ್ಮ ಊರ ಪಂಚಾಯಿತಿಯ ಅಭ್ಯಾಸ, ಅದು ಕ್ಲಿನಿಕ್ಕಿಗೂ ಬಂದು ಕೂತಿದೆ. ಸರಿಸಮಾನರ ನಡುವಿನ ಜಗಳಕ್ಕೆ ದಂಪತಿ ಕೌನ್ಸೆಲಿಂಗ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಬ್ಬರು ಇನ್ನೊಬ್ಬರಿಗೆ ಹೆದರುವ ಕಡೆ ಅಲ್ಲಿ ಆಡಿದ ಪ್ರತಿ ಮಾತಿಗೂ ಕಾರಿನಲ್ಲಿ ವಾಪಸ್ ಹೋಗುವಾಗ ಲೆಕ್ಕ ಕೊಡಬೇಕಾಗುತ್ತದೆ. ಕೋರ್ಟಿನ ಮೂಲಕ ನಡೆಯುವ ಕೌನ್ಸೆಲಿಂಗ್‌ನಲ್ಲೂ, ದೌರ್ಜನ್ಯಕ್ಕೆ ಸಮರ್ಥನೆ ಕೊಡಲು ಎದುರುಪಕ್ಷಕ್ಕೆ ಅವಕಾಶವಿಲ್ಲ ಎಂದು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 2006ರ ನಿಯಮಗಳು ಹೇಳುತ್ತವೆ, ಅದನ್ನು ಅವರಿಗೆ ಮೊದಲೇ ತಿಳಿಸಬೇಕು ಎಂದೂ ಇದೆ. ಖಾಸಗಿ ಕ್ಲಿನಿಕ್ಕಿನಲ್ಲಿ ಇಷ್ಟೂ ಕಾವಲು ಇರುವುದಿಲ್ಲ.

ಯಾರು ಏನು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದ ವೈದ್ಯರು, ಮಾತ್ರೆ ಬರೆಯುವವರು. ನಿದ್ದೆ, ಊಟ ಪೂರ್ತಿ ತಪ್ಪಿದ್ದರೆ ಮೊದಲು ಅವರನ್ನು ಕಾಣುವುದರಲ್ಲಿ ನಾಚಿಕೆಯೇನೂ ಇಲ್ಲ. ಮಾತ್ರೆಯಿಲ್ಲದೆ, ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಬೇಕು. ನೋಂದಣಿ ಸಂಖ್ಯೆ ಕೇಳಿ, ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ನೋಡಬಹುದು. ಕೌನ್ಸೆಲರ್ ಎಂಬ ಬೋರ್ಡನ್ನು ಮಾತ್ರ ಎರಡು ವರ್ಷ ಎಂಎಸ್ಸಿ ಓದಿದವರೂ ಹಾಕುತ್ತಾರೆ, ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಹಾಕುತ್ತಾರೆ. ಇವರಲ್ಲಿ ಬಹಳ ಒಳ್ಳೆಯವರಿದ್ದಾರೆ, ಡಿಗ್ರಿಗಳ ಸಾಲಿದ್ದೂ ಕಿವಿ ಇಲ್ಲದವರೂ ಇದ್ದಾರೆ.

ಆದ್ದರಿಂದ ಫೋನಿನಲ್ಲೇ ಕೇಳಿ: ಕೌಟುಂಬಿಕ ದೌರ್ಜನ್ಯದ ಕೇಸುಗಳನ್ನು ನೋಡಿದ್ದೀರಾ, ಹೇಗೆ ಶುರು ಮಾಡುತ್ತೀರಿ? ನಾನು ಹೇಳಿದ್ದು ಯಾರಿಗೆ, ಯಾವಾಗ ಗೊತ್ತಾಗುತ್ತದೆ? ಮನೆಯವರು ಫೋನ್ ಮಾಡಿ ವಿಚಾರಿಸಿದರೆ ಏನು ಹೇಳುತ್ತೀರಿ? ಕೊನೆಯದೇ ಮುಖ್ಯ. 'ನೀವು ನನ್ನಲ್ಲಿಗೆ ಬರುತ್ತೀರೋ ಇಲ್ಲವೋ ಅನ್ನುವುದನ್ನೂ ಹೇಳುವುದಿಲ್ಲ' ಎಂಬ ಉತ್ತರ ಬಂದರೆ ಅರ್ಧ ಕೆಲಸ ಆದಂತೆ. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಅದಕ್ಕೆ ಮಿತಿಗಳೂ ಇವೆ: ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿರುವುದು ತಿಳಿದರೆ ಪೋಕ್ಸೋ ಅಡಿಯಲ್ಲಿ ದೂರು ಕೊಡಲೇಬೇಕಾದದ್ದು. ನೀವು ಕೇಳುವ ಮೊದಲೇ ಈ ಮಿತಿಗಳನ್ನು ಬಿಡಿಸಿ ಹೇಳುವವರು ಕಸುಬು ಬಲ್ಲವರು.

ಪ್ರಶ್ನೆಗೆ ಬಂದ ಉತ್ತರದಷ್ಟೇ ಪ್ರಶ್ನೆಯನ್ನು ಅವರು ತೆಗೆದುಕೊಂಡ ರೀತಿಯನ್ನೂ ಗಮನಿಸಿ. 'ಅದೆಲ್ಲ ನಿಮಗೇಕೆ, ಮೊದಲು ಬನ್ನಿ' ಅಂದರೆ ಫೋನ್ ಇಟ್ಟುಬಿಡಿ. ಆ ಧಾಟಿ ನಿಮಗೆ ಮನೆಯಲ್ಲೇ ಪರಿಚಯ.

ಮೊದಲ ಒಂದೆರಡು ಭೇಟಿಯಲ್ಲಿ ನಿಮ್ಮ ಸುರಕ್ಷತೆಯ ವಿಚಾರ ಬರಲೇಬೇಕು: ಮನೆಯಲ್ಲಿ ಯಾರಿಗೆ ಹೆದರುತ್ತೀರಿ, ಇಲ್ಲಿಗೆ ಬಂದದ್ದು ಯಾರಿಗೆ ಗೊತ್ತು, ಸಾಯಬೇಕು ಅನ್ನಿಸುತ್ತದೆಯೇ. ಇದನ್ನು ಬಿಟ್ಟು ನೇರವಾಗಿ ಬಾಲ್ಯ ಕೆದಕುವವರು ಅವಸರದವರು. ಆಘಾತದ ಚಿಕಿತ್ಸೆಯಲ್ಲಿ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಹಾಕಿಕೊಟ್ಟ ಕ್ರಮವನ್ನೇ ನಮ್ಮಲ್ಲಿ ಬಹಳ ಮಂದಿ ಅನುಸರಿಸುತ್ತೇವೆ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಜನರೊಂದಿಗೆ ಮತ್ತೆ ಬೆರೆಯುವುದು. ಎರಡನೆಯ ಹಂತದಲ್ಲಿ ಕೆಲವು ದಿನ ಮುಂಚಿಗಿಂತ ಹೆಚ್ಚು ಸಂಕಟವಾಗುವುದುಂಟು, ಅದನ್ನು ಮುಂಚಿತವಾಗಿ ಹೇಳಿರಬೇಕು.

'ಹೆಂಗಸು ಸ್ವಲ್ಪ ತಗ್ಗಿ ಬಗ್ಗಿ ಹೋದರೆ ಸಂಸಾರ' ಎನ್ನುವ ಥೆರಪಿಸ್ಟ್ ಬೇಡ, ಇದು ಎಲ್ಲರಿಗೂ ಗೊತ್ತು. 'ನಾಳೆಯೇ ಡೈವೋರ್ಸ್ ಹಾಕಿ' ಅನ್ನುವವರೂ ಬೇಡ. ನಿಮ್ಮ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡುವುದು ಅಲ್ಲಿಯೂ ಮುಂದುವರಿಯಿತು ಅಷ್ಟೇ. ಕಣ್ಣಲ್ಲೂ ನೋಡದ ಗಂಡನಿಗೆ 'ನಾರ್ಸಿಸಿಸ್ಟ್' (ತನ್ನ ಹೊರತು ಯಾರನ್ನೂ ಲೆಕ್ಕಿಸದವನು) ಎಂದು ಹಣೆಪಟ್ಟಿ ಹಚ್ಚುವ ಚಾಳಿ ಇತ್ತೀಚೆಗೆ ರೀಲ್ಸ್‌ನಿಂದ ನಮ್ಮ ಕಸುಬಿನೊಳಗೂ ನುಗ್ಗಿದೆ. ಕೇಳಲು ಹಿತವೆನಿಸಬಹುದು, ಚಿಕಿತ್ಸೆಗೆ ಅದರಿಂದ ಏನೂ ಹುಟ್ಟುವುದಿಲ್ಲ.

ಭಾಷೆಯ ವಿಷಯದಲ್ಲಿ ರಾಜಿಯಾಗಬೇಡಿ. ಬೈಸಿಕೊಂಡದ್ದು ಕನ್ನಡದಲ್ಲಾದರೆ ಅದನ್ನು ಹೇಳಿಕೊಳ್ಳುವುದೂ ಕನ್ನಡದಲ್ಲಿ ಆಗಬೇಕು. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ, ಅಳದೆ ಹೇಳಿ ಎದ್ದುಹೋಗುವವರನ್ನು ನೋಡಿದ್ದೇನೆ. ಅಮೆರಿಕದಲ್ಲಿ ಗಂಡನ ವೀಸಾ ಮೇಲಿರುವ ಕನ್ನಡತಿಯರು ಆನ್‌ಲೈನ್‌ನಲ್ಲಿ ಇಲ್ಲಿಯವರನ್ನು ಹುಡುಕುವುದು ಇದಕ್ಕೇ. ಆದರೆ ತುರ್ತು ಬಂದರೆ ಬೆಂಗಳೂರಿನಲ್ಲಿ ಕೂತವರಿಂದ ಏನೂ ಆಗದು. ಅಲ್ಲಿನ ಸಹಾಯವಾಣಿಯ ಸಂಖ್ಯೆಯೂ ಜೊತೆಗಿರಲಿ.

ತಾಲ್ಲೂಕು ಊರಿನವರ ಕಷ್ಟ ಬೇರೆ. ಕ್ಲಿನಿಕ್ಕಿನ ಎದುರೇ ಭಾವನ ಅಂಗಡಿ ಇರುತ್ತದೆ. ಅಂಥವರಿಗೆ ಆನ್‌ಲೈನ್ ಅನುಕೂಲ, ಮನೆ ಬಿಟ್ಟು ಬೇರೆ ಕಡೆ ಕೂತರೆ. ಅಪಾಯಿಂಟ್‌ಮೆಂಟಿನ ಎಸ್ಸೆಮ್ಮೆಸ್, ಯುಪಿಐ ಪಾವತಿಯ ಹೆಸರು, ಲೊಕೇಶನ್ ಶೇರಿಂಗ್, ಇಬ್ಬರೂ ಬಳಸುವ ಗೂಗಲ್ ಖಾತೆ ಇವುಗಳಿಂದ ವಿಷಯ ಬಯಲಾಗುತ್ತದೆ. ಮೆಸೇಜ್ ಕಳಿಸಬೇಡಿ, ಫೋನನ್ನೂ ಇಂಥ ಹೊತ್ತಿಗೆ ಮಾತ್ರ ಮಾಡಿ ಎಂದು ಮೊದಲೇ ಹೇಳಿಡಿ.

ದುಡ್ಡಿನ ಮಾತು. ಬೆಂಗಳೂರಿನಲ್ಲಿ ಖಾಸಗಿಯಾಗಿ ಒಂದು ಗಂಟೆಗೆ ಸಾವಿರದಿಂದ ಮೂರು ಸಾವಿರ ಸಾಮಾನ್ಯ, ಕೇಳಿದರೆ ಕಡಿಮೆ ಮಾಡುವವರಿದ್ದಾರೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಆಸ್ಪತ್ರೆಯ ಗೇಟು ದಾಟಲು ಹಿಂಜರಿಯುವವರಿಗೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆಂದೇ ಇರುವ ಸರ್ಕಾರಿ ಯೋಜನೆಗಳ ಸಖಿ ಒನ್ ಸ್ಟಾಪ್ ಸೆಂಟರ್ ಮತ್ತು ಸಾಂತ್ವನ ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಉಚಿತ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416, 2022ರ ಅಕ್ಟೋಬರಿನಿಂದ ಹಗಲು ರಾತ್ರಿ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ಮಹಿಳಾ ಸಹಾಯವಾಣಿ 181.

ನಾಲ್ಕೈದು ಭೇಟಿಯಾದ ಮೇಲೂ ಬಾಯಿ ಬಿಡಲು ಆಗುತ್ತಿಲ್ಲವೆಂದರೆ ಅದನ್ನೇ ಅವರಿಗೆ ಹೇಳಿ ನೋಡಿ. ಹೇಳಲು ಧೈರ್ಯ ಸಾಲದಿದ್ದರೆ 'ಸದ್ಯಕ್ಕೆ ನಿಲ್ಲಿಸುತ್ತೇನೆ' ಎಂಬ ಒಂದು ಸಾಲಿನ ಮೆಸೇಜ್ ಸಾಕು, ಕಾರಣ ಕೊಡಬೇಕಾಗಿಲ್ಲ. ಹೊರಡುವ ಮುಂಚೆ ನಿಮ್ಮ ದಾಖಲೆಯ ಸಾರಾಂಶ ಕೇಳಿ ಪಡೆಯಿರಿ. ಚಿಕಿತ್ಸೆಯ ಪ್ರಾಥಮಿಕ ದಾಖಲೆಗಳನ್ನು ಪಡೆಯುವ ಹಕ್ಕು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿದೆ. ಹೊಸಬರ ಮುಂದೆ ಇದ್ದದ್ದನ್ನೆಲ್ಲ ಮತ್ತೆ ಮೊದಲಿನಿಂದ ಹೇಳುವ ಸಂಕಟ ಅಷ್ಟರಮಟ್ಟಿಗೆ ತಪ್ಪುತ್ತದೆ.