ಹಣ್ಣು ತೂಗುವ ತಕ್ಕಡಿಯ ಮೇಲೆ ಪದ್ಮಿನಿ

ರೇಸಿಂಗ್ ಸಿಮ್ಯುಲೇಟರ್‌ಗೆ ಹಳೆಯ ಕಾರೊಂದನ್ನು ಸೇರಿಸಲು ಹೊರಟವರು ಸಾಮಾನ್ಯವಾಗಿ ಬಾನೆಟ್ಟು, ಬಾಗಿಲು, ಕ್ರೋಮ್ ಗ್ರಿಲ್ಲುಗಳಿಂದ ಶುರುಮಾಡುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಉಳಿದುಬಿಡುತ್ತಾರೆ. ಕಾರು ತಿರುವಿನಲ್ಲಿ ಹೇಗೆ ವಾಲುತ್ತದೆ, ಬ್ರೇಕ್ ಒತ್ತಿದಾಗ ಮೂಗು ಎಷ್ಟು ತಗ್ಗುತ್ತದೆ ಎಂಬುದೆಲ್ಲ ನಿರ್ಧಾರವಾಗುವುದು ಬೇರೆ ಕಡೆ, ಕೆಲವೇ ಕಿಲೋಬೈಟ್‌ಗಳ ಒಂದಷ್ಟು ಪಠ್ಯ ಕಡತಗಳಲ್ಲಿ. ಆ ಕಡತಗಳಿಗೆ ಬೇಕಾದ ಅಂಕಿಗಳನ್ನು ಅಂತರ್ಜಾಲದಿಂದ ಎತ್ತಿಕೊಳ್ಳುವ ಬದಲು ಅಳೆದು ತರಬಹುದು. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಇದಕ್ಕೆ ಬೇಕಾದ ಸಲಕರಣೆ ಮುಕ್ಕಾಲು ಪಾಲು ಈಗಾಗಲೇ ಇದೆ.

ಸಿಮ್ಯುಲೇಟರ್ ಅಂದರೆ ಇಲ್ಲಿ ಅಸೆಟ್ಟೊ ಕೊರ್ಸಾ. ಇಟಲಿಯ ಕುನೋಸ್ ಸಂಸ್ಥೆ 2014ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಆಟ. ಹಳೆಯದಾದರೂ ಮಾಡ್ ಮಾಡುವವರಿಗೆ, ಅಂದರೆ ಆಟಕ್ಕೆ ತಮ್ಮದೇ ಕಾರು ಸೇರಿಸುವವರಿಗೆ, ಇಷ್ಟು ತೆರೆದಿರುವ ಇನ್ನೊಂದು ಸಿಗುವುದು ಕಷ್ಟ. ಕಾರು ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100ರ ಪರವಾನಗಿ ಪಡೆದು ಮುಂಬೈಯಲ್ಲಿ 1964ರಿಂದ ತಯಾರಾಗುತ್ತಿದ್ದ ಈ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ತೋಟದಲ್ಲಿ ಜೀಪೇ ಹೆಚ್ಚು, ನಿಜ. ಆದರೆ ಜೀಪುಗಳಿಗೆ ಎಂಜಿನ್ನಿನಿಂದ ಹಿಡಿದು ಅಚ್ಚಿನವರೆಗೆ ಬದಲಾಗದ ಭಾಗವೇ ಇರುವುದಿಲ್ಲ. ಯಾವುದನ್ನು ಅಳೆಯುತ್ತಿದ್ದೇವೆ ಎನ್ನುವುದೇ ಗೊತ್ತಾಗುವುದಿಲ್ಲ.

ಪದ್ಮಿನಿಯ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್. ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ಒಟ್ಟು 1089 ಸಿಸಿ, ಸುಮಾರು 40 ಅಶ್ವಶಕ್ತಿ. ವೀಲ್‌ಬೇಸ್ 2340 ಮಿ.ಮೀ. (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ), ತೂಕ 895 ಕೆಜಿಯ ಆಸುಪಾಸು. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಇಡೀ ಅಚ್ಚನ್ನು ಹೊತ್ತ ಪಟ್ಟಿ (ಲೀಫ್) ಸ್ಪ್ರಿಂಗ್. ನಾಲ್ಕೂ ಕಡೆ ಡ್ರಮ್ ಬ್ರೇಕ್. 400 ಅಶ್ವಶಕ್ತಿಯ ಕಾರಿನಲ್ಲಿ ಅಂಕಿ ತುಸು ತಪ್ಪಾದರೂ ವೇಗದ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ. ನಲವತ್ತರ ಕಾರಿನಲ್ಲಿ ಆ ಸೌಲಭ್ಯವಿಲ್ಲ. ಓಡಿಸುವವನಿಗೆ ಪ್ರತಿ ತಿರುವಿನಲ್ಲೂ ಯೋಚಿಸಲು ಸಮಯವಿರುತ್ತದೆ, ಆದ್ದರಿಂದ ತಪ್ಪು ಕೂಡಲೇ ಗೊತ್ತಾಗುತ್ತದೆ.

ಮೊದಲ ಅಳತೆ ತೂಕದ್ದು. ಪೇಟೆಯ ವೇಬ್ರಿಡ್ಜ್ ಲಾರಿಗೆ ಹೇಳಿಮಾಡಿಸಿದ್ದು. 5 ಅಥವಾ 10 ಕೆಜಿಯ ಹೆಜ್ಜೆಯಲ್ಲಿ ತೋರಿಸುತ್ತದೆ. ಒಟ್ಟು ತೂಕಕ್ಕೆ ಅದು ಸಾಕು. ಗುರುತ್ವ ಕೇಂದ್ರದ ಎತ್ತರಕ್ಕೆ ಸಾಲದು. ಅದಕ್ಕೆ ಬೇಕಾದದ್ದು ಕಾಫಿ ಹಣ್ಣು ತೂಗುವ ಎಲೆಕ್ಟ್ರಾನಿಕ್ ಪ್ಲಾಟ್‌ಫಾರ್ಮ್ ತಕ್ಕಡಿ, ಒಂದೊಂದು ಚಕ್ರದಡಿ ಒಂದರಂತೆ. ಒಂದು ಚಕ್ರದ ಮೇಲೆ 220ರಿಂದ 240 ಕೆಜಿ ಬೀಳುವುದರಿಂದ 300 ಕೆಜಿಯ ತಕ್ಕಡಿಯೇ ಆಗಬೇಕು, 100 ಕೆಜಿಯದನ್ನು ಹತ್ತಿಸಿದರೆ ಲೋಡ್‌ಸೆಲ್ ಹೋಗುತ್ತದೆ. ಎರಡೇ ತಕ್ಕಡಿ ಸಿಕ್ಕರೆ ಉಳಿದೆರಡು ಚಕ್ರಗಳಿಗೆ ಅಷ್ಟೇ ಎತ್ತರದ ಹಲಗೆ ಕೊಡಿ.

ಜಾಗಕ್ಕೆ ಕಾಫಿ ಕಣ ಒಳ್ಳೆಯದು, ಆದರೆ ನೀರು ಹರಿದುಹೋಗಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರ ನೀರಿನ ಟ್ಯೂಬ್ ಲೆವೆಲ್ಲಿನಿಂದ ನಾಲ್ಕೂ ಮೂಲೆ ನೋಡಿ, ತಗ್ಗಿದ ಕಡೆ ಪ್ಲೈವುಡ್ ತುಂಡು ಇಟ್ಟು ಸಮ ಮಾಡಬೇಕು. ಟ್ಯಾಂಕ್ ಖಾಲಿ ಇರಲಿ. ಕಾರ್ ಎಂಬ ಕಡತದಲ್ಲಿ ಬರೆಯುವ ಒಟ್ಟು ತೂಕದಲ್ಲಿ ಚಾಲಕ ಸೇರುತ್ತಾನೆ, ಪೆಟ್ರೋಲ್ ಸೇರುವುದಿಲ್ಲ. 75 ಕೆಜಿಯ ಚಾಲಕನೆಂದು ಹಿಡಿದರೆ 970.

ಇನ್ನು ಎತ್ತರ. ಮುಂದಿನ ಚಕ್ರಗಳು ತಕ್ಕಡಿಯ ಮೇಲಿರುವಂತೆಯೇ ಹಿಂದಿನ ಅಚ್ಚನ್ನು 50 ಸೆಂ.ಮೀ. ಎತ್ತಿ ಗಟ್ಟಿಯಾದ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಎತ್ತುವ ಮೊದಲು ನಾಲ್ಕೂ ಸಸ್ಪೆನ್ಷನ್ನುಗಳಿಗೆ ಮರದ ತುಂಡು ಬಡಿದು ಅಲುಗದಂತೆ ಮಾಡಿ. ಇಲ್ಲವಾದರೆ ಸ್ಪ್ರಿಂಗ್ ಕುಗ್ಗಿ ಲೆಕ್ಕ ಕೆಡುತ್ತದೆ. ಗೇರು ನ್ಯೂಟ್ರಲ್, ಬ್ರೇಕ್ ಬಿಟ್ಟಿರಲಿ, ಚಕ್ರಗಳ ಮುಂದೆ ಒಂದೆರಡು ಬೆರಳು ಅಂತರದಲ್ಲಿ ಅಡ್ಡಗಲ್ಲು ಇರಲಿ. ಕಾರಿನಡಿ ಯಾರೂ ನುಸುಳಬಾರದು. ಹಿಂಭಾಗ ಏರಿದಂತೆ ಮುಂದಿನ ತೂಕ ಸ್ವಲ್ಪ ಹೆಚ್ಚುತ್ತದೆ. ಆ ಹೆಚ್ಚಳವನ್ನು ವೀಲ್‌ಬೇಸ್‌ನಿಂದ ಗುಣಿಸಿ, ಒಟ್ಟು ತೂಕ ಮತ್ತು ಓರೆಕೋನದ ಟ್ಯಾಂಜೆಂಟ್‌ನ ಗುಣಲಬ್ಧದಿಂದ ಭಾಗಿಸಿದರೆ ಗುರುತ್ವ ಕೇಂದ್ರವು ಚಕ್ರದ ನಡುವಿಗಿಂತ ಎಷ್ಟು ಮೇಲಿದೆ ಎಂಬುದು ಬರುತ್ತದೆ. 2340 ಮಿ.ಮೀ.ಗೆ 500 ಎತ್ತಿದಾಗ ಟ್ಯಾಂಜೆಂಟ್ 0.219. 895 ಕೆಜಿಯ ಖಾಲಿ ಕಾರಿನಲ್ಲಿ ಮುಂದಿನ ತೂಕ 21 ಕೆಜಿ ಹೆಚ್ಚಿತೆಂದರೆ ಉತ್ತರ ಹತ್ತಿರಹತ್ತಿರ 25 ಸೆಂ.ಮೀ. ತೂಕದಲ್ಲಿ 5 ಕೆಜಿ ತಪ್ಪಿದರೆ ಉತ್ತರ 6 ಸೆಂ.ಮೀ. ಆಚೀಚೆ ಆಗುತ್ತದೆ. ವೇಬ್ರಿಡ್ಜ್ ಬೇಡ ಎಂದದ್ದು ಇದಕ್ಕೇ.

ಈ 25 ಸೆಂ.ಮೀ. ನೇರವಾಗಿ ಸಸ್ಪೆನ್ಷನ್ ಕಡತದ ಬೇಸ್-ವೈ ಎಂಬ ಸಾಲಿಗೆ ಹೋಗುತ್ತದೆ, ಋಣ ಚಿಹ್ನೆಯೊಡನೆ: -0.25. ಚಿಹ್ನೆ ಮರೆತರೆ ಗುರುತ್ವ ಕೇಂದ್ರ ಚಕ್ರದ ನಡುವಿಗಿಂತ ಕೆಳಗಿಳಿದು, ಪದ್ಮಿನಿ ಗೋ-ಕಾರ್ಟ್ ಥರ ತಿರುವು ತೆಗೆದುಕೊಳ್ಳುತ್ತದೆ. ಇನ್ನೊಂದು ಸಾಮಾನ್ಯ ತಪ್ಪೂ ಇಲ್ಲೇ ಆಗುತ್ತದೆ. ಪರದೆಯ ಮೇಲೆ ಬಾಡಿ ತೀರಾ ಎತ್ತರಕ್ಕೋ ತಗ್ಗಿಗೋ ಕಂಡರೆ ಕೆಲವರು ಇದೇ ಸಂಖ್ಯೆಯನ್ನು ತಿದ್ದಿಬಿಡುತ್ತಾರೆ. ಚಿತ್ರ ಸರಿಯಾಗುತ್ತದೆ, ಕಾರು ಕೆಡುತ್ತದೆ. ಚಿತ್ರವನ್ನು ಮಾತ್ರ ಸರಿಸಲು ಗ್ರಾಫಿಕ್ಸ್ ಆಫ್‌ಸೆಟ್ ಎಂಬ ಬೇರೆ ಸಾಲಿದೆ. ಕಾರು ನಿಂತಾಗಿನ ನಿಜವಾದ ಎತ್ತರ ತಪ್ಪಿದ್ದರೆ ರಾಡ್ ಲೆಂತ್ ಸಾಲನ್ನು ಹೊಂದಿಸಬೇಕು.

ಸ್ಪ್ರಿಂಗ್‌ನ ಬಿಗಿ ಅಳೆಯುವುದು ಸುಲಭ, ಐವತ್ತು ಕೆಜಿಯ ಮೂಟೆ ಇದ್ದರಾಯಿತು. ಹಿಂದಿನ ಅಚ್ಚಿನ ನೇರಕ್ಕೆ ಎರಡು ಮೂಟೆ ಇಟ್ಟು, ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರು ಕುಗ್ಗಿದ್ದೂ ಸೇರಿಕೊಳ್ಳುತ್ತದೆ. ಎರಡೂ ಕಡೆ 25 ಮಿ.ಮೀ. ತಗ್ಗಿತೆಂದಿಟ್ಟುಕೊಳ್ಳಿ: 100 ಕೆಜಿ ಅಂದರೆ 981 ನ್ಯೂಟನ್, ಒಂದು ಚಕ್ರಕ್ಕೆ 490, ಅದನ್ನು 0.025ರಿಂದ ಭಾಗಿಸಿದರೆ ಮೀಟರಿಗೆ ಸುಮಾರು 19,600 ನ್ಯೂಟನ್. ಆಟ ಕೇಳುವುದೂ ಚಕ್ರದ ಬಳಿಯ ಬಿಗಿಯನ್ನೇ, ಸ್ಪ್ರಿಂಗ್‌ನದನ್ನಲ್ಲ. ಹಾಗಾಗಿ ಆರ್ಮುಗಳ ಉದ್ದದ ಲೆಕ್ಕ ಮಾಡುವ ಕೆಲಸವೇ ತಪ್ಪಿತು. ಪಟ್ಟಿ ಸ್ಪ್ರಿಂಗ್‌ಗೆ ಒಂದು ಹಟ ಇದೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಮೂಟೆ ಇಳಿಸಿದ ಮೇಲೂ ಕಾರು ಮೊದಲಿನ ಎತ್ತರಕ್ಕೆ ಬರುವುದಿಲ್ಲ. ಹೇರುವಾಗೊಮ್ಮೆ, ಇಳಿಸುವಾಗೊಮ್ಮೆ ಅಳೆದು ಸರಾಸರಿ ತೆಗೆಯಿರಿ, ನಡುವೆ ಡಿಕ್ಕಿಯನ್ನು ಒತ್ತಿ ಒತ್ತಿ ಕುಣಿಸಿ. ಬಂದ ಸಂಖ್ಯೆ ನಂಬಬಹುದೇ ಎಂದು ನೋಡಲು ದಾರಿಯಿದೆ: ಬಿಗಿಯನ್ನು ಆ ಚಕ್ರದ ಸ್ಪ್ರಿಂಗ್ ಹೊರುವ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿ. ತೂಕ 180 ಕೆಜಿ ಆದರೆ ಸೆಕೆಂಡಿಗೆ 1.66 ಕುಣಿತ. ಹಳೆಯ ಸಂಸಾರಸ್ಥರ ಕಾರಿಗೆ ಒಪ್ಪುವ ಸಂಖ್ಯೆ. 3 ಬಂತೆಂದರೆ ಎಲ್ಲೋ ಸೊನ್ನೆ ಜಾರಿದೆ, ಅಥವಾ ಒಂದು ಚಕ್ರಕ್ಕೂ ಇಡೀ ಅಚ್ಚಿಗೂ ಗಲಿಬಿಲಿಯಾಗಿದೆ.

ಹಿಂದಿನ ಅಚ್ಚಿನ ವಿಷಯದಲ್ಲಿ ಮಾತ್ರ ರಾಜಿ ಅನಿವಾರ್ಯ. ಈ ಆಟದಲ್ಲಿ ಪಟ್ಟಿ ಸ್ಪ್ರಿಂಗನ್ನು ಇದ್ದ ಹಾಗೆಯೇ ಬರೆಯಲು ಬರುವುದಿಲ್ಲ, ಅಚ್ಚನ್ನು ಕೊಂಡಿಗಳಿಂದ ಹಿಡಿದಿಡಬೇಕು. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಒಂದು ಕೊಟ್ಟರೆ ಕೆಲಸ ನಡೆಯುತ್ತದೆ. ಅಡ್ಡಕೊಂಡಿ ಇಲ್ಲದಿದ್ದರೆ ಅಚ್ಚು ಪಕ್ಕಕ್ಕೆ ಜಾರುತ್ತದೆ. ಅದರ ಎತ್ತರವೇ ಹಿಂಭಾಗದ ವಾಲುವಿಕೆಯ ಕೇಂದ್ರವನ್ನು ತೀರ್ಮಾನಿಸುವುದರಿಂದ, ಮುಖ್ಯ ಪಟ್ಟಿ ಅಚ್ಚಿಗೆ ಕಟ್ಟಿಕೊಂಡಿರುವ ಎತ್ತರದಲ್ಲೇ ಇಡಿ. ಕೊಂಡಿಯ ಎರಡು ತುದಿಗಳು ಅದಲುಬದಲಾದರೆ ಆಟ ಶುರುವಾದ ಕ್ಷಣದಲ್ಲೇ ಕಾರು ಆಕಾಶಕ್ಕೆ ಚಿಮ್ಮುತ್ತದೆ, ನೋಡಲು ಮಜವಾಗಿರುತ್ತದೆ.

ಟೈರಿನ ತ್ರಿಜ್ಯಕ್ಕೆ ಸೀಮೆಸುಣ್ಣ ಸಾಕು. ಟೈರಿಗೂ ನೆಲಕ್ಕೂ ಗುರುತು ಹಾಕಿ, ಚಾಲಕನನ್ನು ಕೂರಿಸಿ, ಒಂದು ಸುತ್ತು ತಳ್ಳಿ. 1.85 ಮೀಟರ್ ಸಾಗಿದರೆ ತ್ರಿಜ್ಯ 0.294. ಪದ್ಮಿನಿಗೆ ಮೂಲದಲ್ಲಿ ಬಂದದ್ದು 5.20-14 ಅಳತೆಯ ಬಯಾಸ್ ಟೈರ್, ಈಗ ಎಷ್ಟೋ ಕಾರುಗಳಲ್ಲಿರುವುದು ರೇಡಿಯಲ್. ಯಾವುದನ್ನು ಮಾಡುತ್ತೇವೆಂದು ಮೊದಲೇ ತೀರ್ಮಾನಿಸಿ, ಎರಡೂ ಬೇಕೆಂದರೆ ಒಂದೇ ಕಡತದಲ್ಲಿ ಎರಡು ಬಗೆಯಾಗಿ ಬರೆಯಿರಿ. ರೇಡಿಯಲ್ ಸುಮಾರು 6ರಿಂದ 8 ಡಿಗ್ರಿ ಜಾರುಕೋನದಲ್ಲಿ (ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ಸಾಗುವ ದಿಕ್ಕಿಗೂ ನಡುವಿನ ಕೋನ) ಪೂರ್ಣ ಹಿಡಿತ ಮುಟ್ಟುತ್ತದೆ. ಬಯಾಸ್‌ಗೆ 10ರ ಆಸುಪಾಸು ಬೇಕು, ದಾಟಿದ ಮೇಲೂ ಹಿಡಿತ ನಿಧಾನವಾಗಿ ಬಿಡುತ್ತದೆ. ಆಧುನಿಕ ಸ್ಪೋರ್ಟ್ಸ್ ಕಾರಿನ ಟೈರ್ ಕಡತ ನಕಲು ಮಾಡಿ ಹಿಡಿತವನ್ನಷ್ಟೇ ಕಡಿಮೆ ಮಾಡುವುದು ಅತ್ಯಂತ ಪ್ರಚಲಿತವಾದ ಅಡ್ಡದಾರಿ. ಹಾಗೆ ಮಾಡಿದ ಕಾರು ಮಂಜುಗಡ್ಡೆಯ ಮೇಲೆ ಓಡಿದಂತೆ ಥಟ್ಟನೆ ಜಾರುತ್ತದೆ, ಹಳೆಯ ಕಾರಿನ ಉದ್ದನೆಯ, ಸೌಮ್ಯವಾದ ಜಾರುವಿಕೆ ಅದಕ್ಕೆ ಬರುವುದೇ ಇಲ್ಲ.

ಎಂಜಿನ್ ಕಡತಕ್ಕೆ ಬೇಕಾದದ್ದು ಅಶ್ವಶಕ್ತಿಯಲ್ಲ, ಟಾರ್ಕ್, ಅಂದರೆ ತಿರುಗಿಸುವ ಬಲ. ಅದೂ ಫ್ಲೈವೀಲ್‌ನದಲ್ಲ, ಗೇರ್‌ಬಾಕ್ಸ್ ಮತ್ತು ಅಚ್ಚಿನ ನಷ್ಟ ಕಳೆದು ಉಳಿದದ್ದು. ಗರಿಷ್ಠ 71 ನ್ಯೂಟನ್ ಮೀಟರ್ ಎಂದು ಹಿಡಿದು ಶೇ. 15 ಕಳೆದರೆ 60. 5000 ಆರ್‌ಪಿಎಂನಲ್ಲಿ 40 ಅಶ್ವಶಕ್ತಿ ಅಂದರೆ 57 ನ್ಯೂಟನ್ ಮೀಟರ್, ಕಳೆದ ಮೇಲೆ 48. ಅಲ್ಲಿಗೇ ಕಡತ ನಿಲ್ಲಿಸದೆ 6500ರವರೆಗೆ ಇಳಿಯುತ್ತ ಹೋಗುವ ಸಾಲುಗಳನ್ನು ಬರೆಯಬೇಕು. ಪದ್ಮಿನಿಗೆ ಆರ್‌ಪಿಎಂ ಮಿತಿಮೀರದಂತೆ ತಡೆಯುವ ರೆವ್ ಲಿಮಿಟರ್ ಇಲ್ಲ, ಅದನ್ನು ಸೊನ್ನೆ ಮಾಡಿ. ಎಂಜಿನ್ ಹಾಳಾಗುವ ಆರ್‌ಪಿಎಂ ಮಿತಿಯನ್ನು ಬೇರೆ ಸಾಲಿನಲ್ಲಿ ಕೊಡಬಹುದು.

ಡಿಫರೆನ್ಷಿಯಲ್‌ನ ಅನುಪಾತ ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ. ಒಂದು ಹಿಂಚಕ್ರ ನೆಲದಲ್ಲಿರಲಿ, ಇನ್ನೊಂದನ್ನು ಎತ್ತಿ, ಗೇರು ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ 20 ಸುತ್ತು ತಿರುಗಿಸಿ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿ. ಒಂದೇ ಚಕ್ರ ತಿರುಗುವಾಗ ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರ (ಕ್ರೌನ್ ವೀಲ್) ಅದರ ಅರ್ಧದಷ್ಟೇ ಸುತ್ತುತ್ತದೆ, ಅಂದರೆ ಹತ್ತು ಸುತ್ತು. ಶಾಫ್ಟ್ 43 ಸುತ್ತಿದರೆ ಅನುಪಾತ 4.3. ನಾಲ್ಕನೇ ಗೇರು ನೇರವಾದದ್ದರಿಂದ 5000 ಆರ್‌ಪಿಎಂಗೆ ಗಂಟೆಗೆ 129 ಕಿ.ಮೀ. ಬರುತ್ತದೆ. ತ್ರಿಜ್ಯ, ಅನುಪಾತ, ಆರ್‌ಪಿಎಂ ಮೂರನ್ನೂ ಬೇರೆಬೇರೆಯಾಗಿ ಅಳೆದು, ಮೂರೂ ಕಾರಿನ ನಿಜವಾದ ಗರಿಷ್ಠ ವೇಗದ ಹತ್ತಿರ ಬಂದು ಸೇರಿದರೆ ಅಳತೆ ಸರಿಯಿದೆ.

ಚಿಕ್ಕಮಗಳೂರಿನಲ್ಲಿ ಓಡಿಸಿ ಹೋಲಿಸುವವರು ಎತ್ತರವನ್ನು ಮರೆಯಬಾರದು. ಪೇಟೆಯೇ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1090 ಮೀಟರ್ ಮೇಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಯ ಶೇ. 90ರಷ್ಟು. ಕಾರ್ಬ್ಯುರೇಟರ್ ಎಂಜಿನ್ ಹೀರುವ ಗಾಳಿ ಕಡಿಮೆಯಾದರೆ ಟಾರ್ಕೂ ಅಷ್ಟೇ ಕಡಿಮೆ: 71 ಇದ್ದದ್ದು 64. ಮುಳ್ಳಯ್ಯನಗಿರಿಯ ಕಡೆ ಏರಿದರೆ ಇನ್ನೂ ಇಳಿಯುತ್ತದೆ. ಇಲ್ಲಿ ಅಳೆದ ವೇಗವರ್ಧನೆಗೆ ಹೊಂದುವಂತೆ ಎಂಜಿನ್ ಕಡತ ತಿದ್ದಿದರೆ ಮಂಗಳೂರಿನವರ ಪದ್ಮಿನಿಗಿಂತ ದುರ್ಬಲವಾದ ಕಾರು ತಯಾರಾಗುತ್ತದೆ.

ಬ್ರೇಕಿಗೂ ಘಟ್ಟದ ಲೆಕ್ಕ ಬೇಕು. 970 ಕೆಜಿ ಪ್ರತಿ 100 ಮೀಟರ್ ಇಳಿದಾಗ ಸುಮಾರು 950 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಎಂಜಿನ್ನಿನ ಹಿಡಿತ ತಡೆಯದೆ ಉಳಿದದ್ದರ ಬಹುಪಾಲು ಡ್ರಮ್ಮಿಗೆ ಹೋಗುತ್ತದೆ. ಬ್ರೇಕ್ ಕಡತದಲ್ಲಿ ಬಿಸಿಯೇರಿದಂತೆ ಹಿಡಿತ ಇಳಿಯುವ ರೇಖೆ ಬರೆಯಲು ಅವಕಾಶವಿದೆ. ಅದನ್ನು ಖಾಲಿ ಬಿಟ್ಟರೆ ಚಾರ್ಮಾಡಿಯನ್ನು ಟಾಪ್ ಗೇರಿನಲ್ಲೇ ಇಳಿಯಬಹುದಾದ ಪದ್ಮಿನಿ ಸಿಗುತ್ತದೆ, ಅಂಥದ್ದು ಎಲ್ಲೂ ಇಲ್ಲ.

ಆಕಾರದ ಕೆಲಸ ದೀರ್ಘ, ಹೇಳಬೇಕಾದ್ದು ಕಡಿಮೆ. ಮೋಡ ಮುಸುಕಿದ ದಿನ, ಮಳೆ ನಿಂತು ಬಾಡಿ ಒಣಗಿದ ಮೇಲೆ, ಕಾರಿನ ಸುತ್ತ ಮೂರು ಎತ್ತರದಲ್ಲಿ 200ರಷ್ಟು ಫೋಟೋ ತೆಗೆಯಿರಿ. ಒಂದಕ್ಕೊಂದು ಮುಕ್ಕಾಲು ಪಾಲು ಹೊಂದಿಕೊಂಡಿರಲಿ, ಎಕ್ಸ್‌ಪೋಷರ್ ಬದಲಾಗದಿರಲಿ. ಕ್ರೋಮಿಗೂ ಗಾಜಿಗೂ ಟಾಲ್ಕಂ ಪೌಡರ್ ಬಳಿಯದಿದ್ದರೆ ಆ ಭಾಗ ತೂತಾಗಿ ಬರುತ್ತದೆ. ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶ ಇವುಗಳಿಂದ ಮೂರು ಆಯಾಮದ ಮಾದರಿ ತೆಗೆದುಕೊಡುತ್ತದೆ, ಅಳತೆಯನ್ನು 2340ಕ್ಕೆ ಹೊಂದಿಸಿ. ಅದನ್ನೇ ಆಟಕ್ಕೆ ತುಂಬಬಾರದು. ಬ್ಲೆಂಡರ್ ಎಂಬ ಮಾದರಿ ರಚಿಸುವ ತಂತ್ರಾಂಶದಲ್ಲಿ ಅದರ ಮೇಲೆ ಹೊಸದಾಗಿ ಮೇಲ್ಮೈ ಎಳೆಯಬೇಕು. ಒಂದೊಂದು ವಸ್ತುವಿಗೆ 65,535 ಶೃಂಗಗಳ ಮಿತಿ ಇದೆ. ಚಕ್ರದ ಮೂಲಬಿಂದು ಸರಿಯಾಗಿ ನಡುವಿನಲ್ಲಿಲ್ಲದಿದ್ದರೆ ಚಕ್ರ ಓಲಾಡುತ್ತ ಸುತ್ತುತ್ತದೆ. ಬೇರೆ ಆಟದಿಂದ ಕಿತ್ತ ಮಾದರಿಯನ್ನು ಬಳಸುವುದು ಕಳ್ಳತನ, ಅದರ ಬಗ್ಗೆ ಇನ್ನೇನೂ ಹೇಳಬೇಕಾಗಿಲ್ಲ.

ಸದ್ದಿಗೆ ಮಲೆನಾಡು ಒಳ್ಳೆಯ ಜಾಗ. ಎಂಜಿನ್ ಭಾರ ಎಳೆಯುವಾಗಿನ ಸದ್ದು, ಆಕ್ಸಿಲರೇಟರ್ ಬಿಟ್ಟಾಗಿನ ಸದ್ದು ಎರಡೂ ಬೇಕು, ಪ್ರತಿ 500 ಆರ್‌ಪಿಎಂಗೆ ಕೆಲವು ಸೆಕೆಂಡು ಸ್ಥಿರವಾಗಿ. ಸಮತಟ್ಟಿನಲ್ಲಿ ಭಾರವಿಟ್ಟು ಆರ್‌ಪಿಎಂ ಹಿಡಿದಿಡುವುದು ಆಗದ ಮಾತು. ಮುಳ್ಳಯ್ಯನಗಿರಿಯ ದಾರಿಯಲ್ಲಿರುವ ಕೈಮರದಿಂದ ಮೇಲಿನ ಏರಿನಲ್ಲಿ ಎರಡನೇ ಗೇರಿನಲ್ಲಿ ಏರುತ್ತ ಮೊದಲನೆಯದನ್ನು, ಅದೇ ಗೇರಿನಲ್ಲಿ ಇಳಿಯುತ್ತ ಎರಡನೆಯದನ್ನು ದಾಖಲಿಸಿಕೊಳ್ಳಬಹುದು. ವಾರಾಂತ್ಯದ ಪ್ರವಾಸಿ ವಾಹನಗಳ ಸಾಲು ಶುರುವಾಗುವ ಮೊದಲೇ ಮುಗಿಸಬೇಕು. ಒಂದು ಮೈಕ್ ಸೈಲೆನ್ಸರಿನಿಂದ ಒಂದು ಮೊಳ ದೂರ, ಗಾಳಿಗೆ ನೇರ ಸಿಗದಂತೆ ಬಂಪರಿನ ಮರೆಯಲ್ಲಿ. ಇನ್ನೊಂದು ಚಾಲಕನ ತಲೆಯ ಬಳಿ. ಎಫ್‌ಮಾಡ್ ಸ್ಟುಡಿಯೋ ಎಂಬ ಧ್ವನಿ ತಂತ್ರಾಂಶದಲ್ಲಿ ಇವನ್ನು ಜೋಡಿಸಿ ತಂದ ಮೇಲೂ ಆಟದಲ್ಲಿ ಕಾರು ಮೂಕವಾಗಿದ್ದರೆ, ಧ್ವನಿಯ ಜೊತೆ ಬರುವ ಜಿಯುಐಡಿ (ಗುರುತುಸಂಖ್ಯೆ) ಪಟ್ಟಿಯಲ್ಲಿ ಕಾರಿನ ಫೋಲ್ಡರ್ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತಿದೆಯೇ ನೋಡಿ. ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಪರೀಕ್ಷೆಗೆ ಲ್ಯಾಪ್ ಟೈಮ್ ಬೇಡ. ಗಾಳಿಯಿಲ್ಲದ ಹೊತ್ತಿನಲ್ಲಿ ಸಮತಟ್ಟಾದ, ವಾಹನವಿಲ್ಲದ ರಸ್ತೆಯಲ್ಲಿ ಕಾರನ್ನು 60ಕ್ಕೆ ಏರಿಸಿ, ನ್ಯೂಟ್ರಲ್‌ಗೆ ಹಾಕಿ, 40ಕ್ಕೆ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದಿಡಿ. ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಿರಿ. ಅದನ್ನೇ ಆಟದಲ್ಲಿ ಮಾಡಿ. ಸಿಮ್ಯುಲೇಟರ್‌ನ ಕಾರು ಹೆಚ್ಚು ಹೊತ್ತು ಓಡಿದರೆ ಟೈರಿನ ಉರುಳು ತಡೆ ಅಥವಾ ಗಾಳಿಯ ತಡೆ ಕಡಿಮೆಯಾಗಿದೆ. ಯಾವುದೆಂದು ತಿಳಿಯಲು 30ರಿಂದ 15ಕ್ಕೂ ಒಮ್ಮೆ ಅಳೆಯಿರಿ; ಆ ವೇಗದಲ್ಲಿ ಗಾಳಿಯ ಪಾಲು ಅತ್ಯಲ್ಪ, ಅಲ್ಲೂ ವ್ಯತ್ಯಾಸ ಕಂಡರೆ ತಪ್ಪು ಟೈರ್ ಕಡತದಲ್ಲಿದೆ.